ಐದು ದಿನವೋ, ಹತ್ತು ದಿನವೋ?

ತಿಪಟೂರಿನ ಓದುಗರೊಬ್ಬರು ಬರೆದಿದ್ದಾರೆ: "ಯಜಮಾನರಿಗೆ ನೆಗಡಿ, ಜ್ವರ ಬಂದಾಗ ಮೆಡಿಕಲ್ ಸ್ಟೋರಿನವರು 3 ಅಜಿತ್ರೋಮೈಸಿನ್ ಮಾತ್ರೆ ಕೊಟ್ಟರು, ವಾಸಿಯಾಯ್ತು. ಅತ್ತೆಯವರ ಉರಿಮೂತ್ರಕ್ಕೆ ಡಾಕ್ಟರು 5 ದಿನದ ಮಾತ್ರೆ ಬರೆದರು. ಮಗನ ಗಂಟಲು ನೋವಿಗೆ ಮಾತ್ರ 10 ದಿನ! ಮೂರನೇ ದಿನಕ್ಕೇ ಅವನು ಆಟಕ್ಕೆ ಹೋದ. ನಾನು ನಿಲ್ಲಿಸಿ, ಉಳಿದದ್ದನ್ನು ಡಬ್ಬಿಯಲ್ಲಿ ಇಟ್ಟಿದ್ದೇನೆ. ಎಲ್ಲಾ ಆಂಟಿಬಯಾಟಿಕ್ಕೇ ಅಲ್ವಾ, ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಯಾಕೆ?"

ಸಂಪಾದಕರ ಉತ್ತರ:

ಎಷ್ಟು ದಿನ ಅನ್ನೋದನ್ನು ಹೆಚ್ಚಾಗಿ ತೀರ್ಮಾನಿಸುವುದು ಕಾಯಿಲೆ. ಅದಕ್ಕೇ ನಿಮ್ಮ ಮನೆಯಲ್ಲಿ ಮೂವರಿಗೆ ಮೂರು ಲೆಕ್ಕ.

ಮೊದಲು ಮಗನ ವಿಷಯ. ಅದನ್ನು ತಡ ಮಾಡುವ ಹಾಗಿಲ್ಲ. ಡಾಕ್ಟರು 10 ದಿನ ಬರೆದಿದ್ದಾರೆ ಅಂದರೆ ಬಹುಶಃ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದ ಅನುಮಾನ ಇದ್ದಿರಬೇಕು. ಅದರಿಂದ ಬಂದ ನೋವು, ಜ್ವರ ಎರಡು ಮೂರು ದಿನಕ್ಕೆ ಇಳಿಯುತ್ತವೆ. ಬ್ಯಾಕ್ಟೀರಿಯಾ ಮಾತ್ರ ಗಂಟಲಲ್ಲಿ ಉಳಿದಿರಬಹುದು. ಕೆಲವು ಮಕ್ಕಳಿಗೆ ಎರಡು ಮೂರು ವಾರ ಕಳೆದ ಮೇಲೆ ಕೀಲುಗಳು ಊದಿಕೊಂಡು, ಹೃದಯದ ಕವಾಟಕ್ಕೇ ಪೆಟ್ಟು ಬೀಳುತ್ತದೆ. ಇದಕ್ಕೆ ರುಮ್ಯಾಟಿಕ್ ಜ್ವರ ಎನ್ನುತ್ತಾರೆ. 5ರಿಂದ 15 ವರ್ಷದ ಮಕ್ಕಳಲ್ಲಿ ಜಾಸ್ತಿ. ನಮ್ಮ ದೇಶದಲ್ಲಿ ಇದು ಇನ್ನೂ ಹೋಗಿಲ್ಲ. ಕವಾಟ ಕೆಟ್ಟ ಮಕ್ಕಳಿಗೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಕೊಡಿಸುತ್ತಾ ವರ್ಷಗಟ್ಟಲೆ ಓಡಾಡುವ ತಂದೆ-ತಾಯಿಯರನ್ನು ಕೇಳಿ ನೋಡಿ, 10 ದಿನ ಏನೂ ಅಲ್ಲ ಅನ್ನುತ್ತಾರೆ. ಹಾಗಂತ ಎಲ್ಲಾ ಗಂಟಲು ನೋವೂ ಇದೇ ಅಲ್ಲ. ಜೊತೆಗೆ ನೆಗಡಿ, ಕೆಮ್ಮು ಇದ್ದು ಧ್ವನಿ ಕಟ್ಟಿದ್ದರೆ ಹೆಚ್ಚಾಗಿ ಅದು ವೈರಸ್. ಅದಕ್ಕೆ ಒಂದು ದಿನದ ಆಂಟಿಬಯಾಟಿಕ್ ಕೂಡ ಬೇಡ.

ಯಜಮಾನರ ಜ್ವರವೂ ಬಹುಮಟ್ಟಿಗೆ ಇದೇ ಜಾತಿಯದು. ಅಜಿತ್ರೋಮೈಸಿನ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಪ್ರೋಟೀನ್ ತಯಾರಿಸುವ ಜಾಗದಲ್ಲಿ. ಪೆನಿಸಿಲಿನ್ ಒಡೆಯುವುದು ಬ್ಯಾಕ್ಟೀರಿಯಾದ ಗೋಡೆಯನ್ನು. ವೈರಸ್‌ಗೆ ಆ ಜಾಗವೂ ಇಲ್ಲ, ಗೋಡೆಯೂ ಇಲ್ಲ. ಆ ಜ್ವರ ಸುಮ್ನೆ ಬಿಟ್ಟಿದ್ದರೂ ಇಳಿಯುತ್ತಿತ್ತು, ಹೆಸರು ಮಾತ್ರ ಮಾತ್ರೆಗೆ ಬಂತು. ಮುಂದಿನ ಸಲವೂ ಅದನ್ನೇ ಕೇಳುತ್ತೀರಿ, ಪಕ್ಕದ ಮನೆಯವರಿಗೂ ಹೇಳುತ್ತೀರಿ. ನಮ್ಮೂರುಗಳಲ್ಲಿ ಈ ಮಾತ್ರೆ ಇಷ್ಟು ಖರ್ಚಾಗುವುದು ಹೀಗೇ ಅಂತ ನನ್ನ ಅನಿಸಿಕೆ. ಇನ್ನೊಂದು ವಿಷಯ: ಇದು 3 ದಿನಕ್ಕೆ ಮೈಯಿಂದ ಹೋಗುವ ಔಷಧಿಯಲ್ಲ. ಕೊನೆಯ ಮಾತ್ರೆ ನುಂಗಿದ ಮೇಲೂ ಹಲವು ದಿನ ಒಳಗೇ ಇರುತ್ತದೆ. ಇಲ್ಲದ ಶತ್ರುವಿಗೆ ಕೊಟ್ಟ ಏಟು ಅಷ್ಟೂ ದಿನ ನಮ್ಮ ಕರುಳಿನ ಬ್ಯಾಕ್ಟೀರಿಯಾಗಳಿಗೆ ಬೀಳುತ್ತದೆ. ಔಷಧಿಗೆ ಬಗ್ಗದವು ಉಳಿದು ಬೆಳೆಯುತ್ತವೆ.

ಅತ್ತೆಯವರ ಲೆಕ್ಕ ಅರ್ಥವಾಗುವುದು ಇಲ್ಲೇ. ಉರಿಮೂತ್ರಕ್ಕೆ ಹೆಚ್ಚಾಗಿ ಕಾರಣ ಇ.ಕೋಲಿ ಎಂಬ ಬ್ಯಾಕ್ಟೀರಿಯಾ. ಅದು ಬರುವುದೇ ಕರುಳಿನಿಂದ. ಆಂಟಿಬಯಾಟಿಕ್ ಬೇಕಾದ್ದಕ್ಕಿಂತ ಹೆಚ್ಚು ದಿನ ತಿಂದರೆ, ಮುಂದಿನ ಸಲ ಸೋಂಕು ತರುವ ಇ.ಕೋಲಿ ಆ ಮಾತ್ರೆಗೆ ಜಗ್ಗದೇ ಇರಬಹುದು. ಹಾಗಾಗಿ ಮೂತ್ರಕೋಶದ ಸಾಧಾರಣ ಸೋಂಕಿಗೆ 5 ದಿನ ಸಾಕಾಗುವ ಮಾತ್ರೆಗಳಿವೆ. ಚಳಿಜ್ವರ, ಸೊಂಟದ ಮೇಲೆ ನೋವು ಇದ್ದರೆ ಸೋಂಕು ಮೂತ್ರಪಿಂಡಕ್ಕೆ ಹತ್ತಿದೆ ಎಂಬ ಅನುಮಾನ, ಆಗ ಲೆಕ್ಕ ಬೇರೆ. ಪದೇ ಪದೇ ಬರುತ್ತಿದ್ದರೆ ಮೊದಲ ಮಾತ್ರೆ ನುಂಗುವ ಮುಂಚೆಯೇ ಮೂತ್ರವನ್ನು ಕಲ್ಚರ್ ಟೆಸ್ಟಿಗೆ (ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆಗೆ) ಕೊಡಿ. ಮಾತ್ರೆ ತಿಂದು ಕೊಟ್ಟರೆ ರಿಪೋರ್ಟಿನಲ್ಲಿ ಏನೂ ಬೆಳೆಯದೆ ಹೋಗಬಹುದು.

"ಕೋರ್ಸ್ ಮುಗಿಸದಿದ್ದರೆ ಬ್ಯಾಕ್ಟೀರಿಯಾ ಗಟ್ಟಿಯಾಗುತ್ತೆ" ಅನ್ನುವ ಮಾತು ಹಳೆಯದು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ, ಡೋಸ್ ಕಡಿಮೆಯಾದರೆ ಅಪಾಯ ಎಂದು ಎಚ್ಚರಿಸಿದ್ದರು. ಆದರೆ 2017ರಲ್ಲಿ ಬ್ರಿಟನ್ನಿನ ಕೆಲವು ತಜ್ಞರು, ಎಷ್ಟೋ ಸೋಂಕುಗಳಲ್ಲಿ ಬೇಕಿಲ್ಲದ ಉದ್ದ ಕೋರ್ಸೇ ಹೆಚ್ಚು ತೊಂದರೆ ಎಂದು ವಾದಿಸಿದರು. ಇದನ್ನು ಓದಿ ಟಿಬಿ ಮಾತ್ರೆ ಯಾರೂ ಬಿಡಬೇಡಿ ಮತ್ತೆ! ಸಾಮಾನ್ಯ ಟಿಬಿಗೂ ಹೆಚ್ಚಾಗಿ 6 ತಿಂಗಳು ಬೇಕು. ಆ ಬ್ಯಾಕ್ಟೀರಿಯಾ ನಿಧಾನಕ್ಕೆ ಬೆಳೆಯುವಂಥದ್ದು, ಕೆಲವು ಅಡಗಿ ಕೂರುತ್ತವೆ. ನಡುವೆ ಬಿಟ್ಟರೆ ಮಾತ್ರೆಗೆ ಬಗ್ಗದ ಟಿಬಿ ಬರುವ ಭಯ ನಿಜವಾದದ್ದು.

ಟೈಫಾಯ್ಡ್‌ನಲ್ಲಿ ಜನ ಮಾಡುವ ತಪ್ಪೇ ಬೇರೆ. ಸರಿಯಾದ ಔಷಧಿ ಶುರುವಾದರೂ ಜ್ವರ ಇಳಿಯಲು ನಾಲ್ಕೈದು ದಿನ ಬೇಕು. ಮೂರನೇ ದಿನಕ್ಕೇ "ಇದು ಪವರ್ ಸಾಲದು" ಅಂತ ಬೇರೆ ಡಾಕ್ಟರ ಹತ್ತಿರ ಹೋಗಿ ಮಾತ್ರೆ ಬದಲಾಯಿಸಿಕೊಂಡು ಬರುತ್ತಾರೆ.

ಮೆಡಿಕಲ್ ಸ್ಟೋರಿನ ಬಗ್ಗೆಯೂ ಹೇಳಬೇಕು. ಆಂಟಿಬಯಾಟಿಕ್ ಸ್ಟ್ರಿಪ್ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ, ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು ಅಂತ ಅದರ ಅರ್ಥ. ಅದರಲ್ಲೂ ಕೆಲವು ಪ್ರಬಲ ಆಂಟಿಬಯಾಟಿಕ್‌ಗಳು ಮತ್ತು ಟಿಬಿ ಔಷಧಿಗಳಿಗೆ 2014ರ ಮಾರ್ಚ್‌ನಿಂದ ಇನ್ನೂ ಬಿಗಿ ನಿಯಮವಿದೆ. ಯಾರಿಗೆ ಕೊಟ್ಟರು, ಯಾರು ಬರೆದುಕೊಟ್ಟರು ಎಂದು ಅಂಗಡಿಯವರು ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಆದರೂ ಕೇಳಿದರೆ ಕೊಡುವವರಿದ್ದಾರೆ. ತಪ್ಪು ಅವರದೊಂದೇ ಅಲ್ಲ, ಕೇಳುವವರು ನಾವು.

ಇನ್ನು ನಿಮ್ಮ ಡಬ್ಬಿ. ಅದರಲ್ಲಿರುವ ಅರ್ಧಂಬರ್ಧ ಮಾತ್ರೆ ಯಾವ ಕಾಯಿಲೆಗೂ ಪೂರ್ತಿ ಸಾಲದು, ಮುಂದಿನ ಕಾಯಿಲೆಗೆ ಅದೇ ಮಾತ್ರೆ ಸರಿಹೋಗುತ್ತದೆ ಅನ್ನುವಂತೆಯೂ ಇಲ್ಲ. ಬೇರೆಯವರಿಗೆ ಕೊಡಬೇಡಿ, ಚರಂಡಿಗೂ ಸುರಿಯಬೇಡಿ. ಇವತ್ತೇ ಆ ಡಾಕ್ಟರಿಗೆ ಫೋನ್ ಮಾಡಿ, ಮಗನಿಗೆ ಯಾವ ದಿನ ಮಾತ್ರೆ ನಿಲ್ಲಿಸಿದಿರಿ, ಎಷ್ಟು ಉಳಿದಿದೆ ಹೇಳಿ. ಉಳಿದದ್ದನ್ನು ಮುಂದುವರಿಸಬೇಕೋ, ಹೊಸದಾಗಿ ಶುರು ಮಾಡಬೇಕೋ ಅವರೇ ಹೇಳುತ್ತಾರೆ. ಬೈದರೆ ಬೈಸಿಕೊಳ್ಳಿ.