ಗೆರೆ ಎಳೆಯುವ ಮೊದಲು ಕೇಳಬೇಕಾದ ಪ್ರಶ್ನೆ

ನಿಮ್ಮ ಬಡಾವಣೆಯ ರಸ್ತೆ, ಉದ್ಯಾನ, ಕಟ್ಟಡಗಳ ಎತ್ತರ ಇವೆಲ್ಲದರ ಬಗ್ಗೆ ಆಗಾಗ ಸಭೆ ಕರೆದು ಅಭಿಪ್ರಾಯ ಕೇಳುತ್ತಾರೆ, ಜನ ಬಂದು ಮಾತಾಡುತ್ತಾರೆ, ಆದರೆ ಕೊನೆಗೆ ಏನೂ ಬದಲಾಗುವುದಿಲ್ಲ ಎಂದು ಬರೆದಿದ್ದೀರಿ. ಹೀಗಿರುವಾಗ ನಗರ ಯೋಜನೆಯಲ್ಲಿ ನಾಗರಿಕರನ್ನು ಒಳಗೊಳ್ಳುವುದಕ್ಕೆ ಅರ್ಥವಿದೆಯೇ, ಇದ್ದರೆ ಅದನ್ನು ಹೇಗೆ ಮಾಡಬೇಕು ಎಂಬುದು ನಿಮ್ಮ ಪ್ರಶ್ನೆ. ಇಂಥ ಸಭೆಗಳನ್ನು ನಾನು ಮೇಜಿನ ಎರಡೂ ಬದಿಯಿಂದ ನೋಡಿದ್ದೇನೆ. ಕೆಲವು ವರ್ಷ ನಕ್ಷೆ ತಯಾರಿಸುವ ತಂಡದಲ್ಲಿದ್ದೆ, ಆಮೇಲೆ ಒಬ್ಬ ನಿವಾಸಿಯಾಗಿ ಆಕ್ಷೇಪಣೆ ಬರೆದುಕೊಡುವವರ ಸಾಲಿನಲ್ಲಿ ನಿಂತೆ. ಆ ಅನುಭವದ ಮೇಲೆ ಹೇಳುವುದಾದರೆ, ಅರ್ಥ ಖಂಡಿತ ಇದೆ. ಆದರೆ ಸಭೆಗೆ ಎಷ್ಟು ಮಂದಿ ಬಂದರು ಎಂಬ ಲೆಕ್ಕಕ್ಕಿಂತ, ಅವರನ್ನು ಯಾವ ಹಂತದಲ್ಲಿ ಕೇಳಲಾಯಿತು ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ.

ನಾನು ತಂಡದಲ್ಲಿದ್ದಾಗ ನಡೆದ ಒಂದು ಸಭೆಯನ್ನೇ ಹೇಳುತ್ತೇನೆ. ಒಂದು ರಸ್ತೆ ಅಗಲೀಕರಣದ ಕರಡನ್ನು ನಾವು ಜನರ ಮುಂದಿಟ್ಟಿದ್ದೆವು. ಆ ಹೊತ್ತಿಗಾಗಲೇ ಅಳತೆ ಮುಗಿದಿತ್ತು, ಅಂದಾಜು ವೆಚ್ಚಕ್ಕೆ ಮಂಜೂರಾತಿ ಸಿಕ್ಕಿತ್ತು, ಟೆಂಡರಿನ ಕಾಗದಪತ್ರಗಳು ಸಿದ್ಧವಾಗುತ್ತಿದ್ದವು. ಹಿರಿಯರೊಬ್ಬರು ಎದ್ದು ನಿಂತು, ಈ ರಸ್ತೆಯಲ್ಲಿ ವಾಹನಗಳು ಕಟ್ಟಿಕೊಳ್ಳುವುದು ಶಾಲೆ ಬಿಡುವ ಅರ್ಧ ಗಂಟೆ ಮಾತ್ರ, ಶಾಲೆಯ ಇನ್ನೊಂದು ಬಾಗಿಲನ್ನು ಹಿಂದಿನ ರಸ್ತೆಗೆ ತೆರೆದರೆ ಅಗಲೀಕರಣವೇ ಬೇಕಾಗಲಿಕ್ಕಿಲ್ಲ ಎಂದರು. ಅವರು ಹೇಳಿದ್ದರಲ್ಲಿ ತಥ್ಯವಿದೆ ಎಂದು ನಮ್ಮಲ್ಲಿ ಎಲ್ಲರಿಗೂ ಅನ್ನಿಸಿತು. ಆದರೂ ನಡಾವಳಿಯಲ್ಲಿ ‘ಸಲಹೆಯನ್ನು ದಾಖಲಿಸಿಕೊಳ್ಳಲಾಗಿದೆ’ ಎಂದು ಬರೆದು ಮುಂದಕ್ಕೆ ಹೋದೆವು, ಏಕೆಂದರೆ ಆ ಹಂತದಲ್ಲಿ ಹಿಂದಿರುಗುವುದೆಂದರೆ ಒಂದಿಡೀ ವರ್ಷದ ಕೆಲಸವನ್ನು ನೀರಿನಲ್ಲಿ ಹೋಮ ಮಾಡಿದಂತಾಗುತ್ತಿತ್ತು. ಆ ವಾಕ್ಯವನ್ನು ಬರೆದವನು ನಾನೇ. ಅದೇ ಮಾತನ್ನು ಅವರು ಹದಿನಾಲ್ಕು ತಿಂಗಳು ಮೊದಲು ಹೇಳಲು ಅವಕಾಶವಿದ್ದಿದ್ದರೆ ನಾವು ಖಂಡಿತ ಕೇಳುತ್ತಿದ್ದೆವು ಎಂಬುದು ಇಂದಿಗೂ ನನ್ನ ಮನಸ್ಸಿನಲ್ಲಿ ಉಳಿದಿದೆ.

ಈ ಹೊತ್ತು ಮೀರಿದ ಕೇಳುವಿಕೆಯ ತೊಂದರೆ ಹೊಸದೂ ಅಲ್ಲ, ಯಾವುದೋ ಒಂದು ಊರಿನದೂ ಅಲ್ಲ. ಅಮೆರಿಕದ ಶೆರಿ ಆರ್ನ್‌ಸ್ಟೀನ್ 1969ರಲ್ಲಿ ನಾಗರಿಕರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ಚಿತ್ರಿಸಿದರು. ಕೆಳಗಿನ ಎರಡು ಮೆಟ್ಟಿಲುಗಳಲ್ಲಿ ಜನರನ್ನು ಕೂರಿಸಿಕೊಂಡು ಒಪ್ಪಿಸುವ ಕೆಲಸ ಮಾತ್ರ ನಡೆಯುತ್ತದೆ. ನಡುವಿನ ಮೂರರಲ್ಲಿ ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು, ಸಮಾಧಾನಪಡಿಸುವುದು ಇರುತ್ತವೆ. ಮೇಲಿನ ಮೂರರಲ್ಲಿ ಮಾತ್ರ ನಿರ್ಧರಿಸುವ ಅಧಿಕಾರದ ಒಂದು ಪಾಲು ಜನರ ಕೈಗೆ ಬರುತ್ತದೆ. ನಾವು ನಡೆಸುತ್ತಿದ್ದ ಸಭೆ ನಡುವಿನ ಮೆಟ್ಟಿಲಿನದು. ಮುಂದೆ 1998ರಲ್ಲಿ ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಹಲವು ದೇಶಗಳು ಸಹಿ ಹಾಕಿದ ಒಪ್ಪಂದವು, ಪರಿಸರದ ಮೇಲೆ ಪರಿಣಾಮ ಬೀರುವ ನಿರ್ಧಾರಗಳಲ್ಲಿ ಎಲ್ಲ ಆಯ್ಕೆಗಳೂ ಇನ್ನೂ ತೆರೆದಿರುವಾಗಲೇ ಜನರನ್ನು ಕೇಳಬೇಕು ಎಂದು ಸ್ಪಷ್ಟವಾಗಿ ಹೇಳುತ್ತದೆ. ಅಷ್ಟೇ ಅಲ್ಲದೆ, ನಿರ್ಧಾರವಾದ ಮೇಲೆ ಅದನ್ನು ಯಾವ ಕಾರಣಗಳಿಗಾಗಿ ಮಾಡಲಾಯಿತು ಎಂಬುದನ್ನೂ ಜನರಿಗೆ ತಿಳಿಸಬೇಕೆಂಬ ಷರತ್ತು ಅದರಲ್ಲಿದೆ. ಈ ಎರಡು ಮಾತುಗಳನ್ನು ನಿಷ್ಠೆಯಿಂದ ಪಾಲಿಸಿದರೆ ನೀವು ಹೇಳಿದ ನಿರಾಶೆಯ ಬಹುಪಾಲು ಕರಗುತ್ತದೆ ಎಂಬುದು ನನ್ನ ನಂಬಿಕೆ.

ಜನರಿಗೆ ನಕ್ಷೆ ಅರ್ಥವಾಗುವುದಿಲ್ಲ, ಹಾಗಾಗಿ ಮೊದಲೇ ಕೇಳಿ ಪ್ರಯೋಜನವಿಲ್ಲ ಎಂಬ ವಾದವನ್ನು ನಾನು ಕಚೇರಿಯೊಳಗೆ ಬಹಳ ಸಲ ಕೇಳಿದ್ದೇನೆ. ನಕ್ಷೆ ಓದುವುದು ಒಂದು ಅಭ್ಯಾಸ, ಅದು ಎಲ್ಲರಿಗೂ ಇರುವುದಿಲ್ಲ ಎಂಬುದು ನಿಜ. ಅದಕ್ಕೆ ಪರಿಹಾರ ಜನರನ್ನು ನಕ್ಷೆಯ ಬಳಿಗೆ ಕರೆಯುವ ಬದಲು ನಕ್ಷೆಯನ್ನು ಹಿಡಿದುಕೊಂಡು ಅವರ ಜೊತೆ ರಸ್ತೆಗೆ ಇಳಿಯುವುದು. ಒಮ್ಮೆ ಹೀಗೆ ಹತ್ತು ಹನ್ನೆರಡು ನಿವಾಸಿಗಳೊಂದಿಗೆ ಒಂದು ಕೂಡುರಸ್ತೆಯಿಂದ ಬಸ್ ನಿಲ್ದಾಣದವರೆಗೆ ನಡೆದೆವು. ನಮ್ಮಲ್ಲಿ ಗಾಲಿಕುರ್ಚಿ ಬಳಸುವ ಒಬ್ಬ ಮಹಿಳೆ ಇದ್ದರು. ನಕ್ಷೆಯಲ್ಲಿ ಪಾದಚಾರಿ ಮಾರ್ಗದ ಅಗಲ ಉದ್ದಕ್ಕೂ 2 ಮೀಟರ್ ಎಂದಿತ್ತು. ಅರ್ಧ ದಾರಿಯಲ್ಲಿ ಒಂದು ವಿದ್ಯುತ್ ಪೆಟ್ಟಿಗೆಯ ಪಕ್ಕದಲ್ಲಿ ಅವರ ಕುರ್ಚಿ ನಿಂತುಬಿಟ್ಟಿತು. ಟೇಪ್ ಹಿಡಿದು ಅಳೆದಾಗ ಪೆಟ್ಟಿಗೆಗೂ ಗೋಡೆಗೂ ನಡುವೆ 70 ಸೆಂಟಿಮೀಟರ್ ಮಾತ್ರ ಉಳಿದಿತ್ತು. ಕುರ್ಚಿ ಸರಾಗವಾಗಿ ದಾಟಬೇಕಾದರೆ 90 ಆದರೂ ಬೇಕು. ಅವರು ಯಾರನ್ನೂ ದೂರಲಿಲ್ಲ. ಪ್ರತಿದಿನ ಇಲ್ಲಿ ರಸ್ತೆಗೆ ಇಳಿದು, ವಾಹನಗಳ ನಡುವೆ ಹಾದು, ಮುಂದಿನ ಇಳಿಜಾರಿನಲ್ಲಿ ಮತ್ತೆ ಹತ್ತುತ್ತೇನೆ ಎಂದಷ್ಟೇ ಹೇಳಿದರು. ಆ ನಕ್ಷೆಯನ್ನು ನಮ್ಮಲ್ಲಿ ನಾಲ್ಕು ಮಂದಿ ಪರಿಶೀಲಿಸಿ ಸಹಿ ಮಾಡಿದ್ದೆವು, ಆ ಪೆಟ್ಟಿಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಂದು ಜಾಗವನ್ನು ದಿನವೂ ಬಳಸುವವರ ತಿಳಿವಳಿಕೆ ಎಂಜಿನಿಯರಿನ ತಿಳಿವಳಿಕೆಗಿಂತ ಕೀಳಾದದ್ದಲ್ಲ, ಬೇರೆ ಬಗೆಯದು ಎಂಬುದನ್ನು ನಾನು ಕಲಿತದ್ದು ಆ ಗೋಡೆಯ ಪಕ್ಕದಲ್ಲಿ.

ಆದರೆ ಆ ಮಹಿಳೆ ಸಂಜೆಯ ಸಭೆಗಳಿಗೆ ಎಂದೂ ಬಂದಿರಲಿಲ್ಲ, ಮತ್ತು ಇಡೀ ವಿಷಯದಲ್ಲಿ ಹೆಚ್ಚು ಯೋಚಿಸಬೇಕಾದ ಭಾಗ ಇದೇ ಎಂದು ನನಗನ್ನಿಸುತ್ತದೆ. ಬಾಗಿಲು ತೆರೆದಿಟ್ಟರೆ ಎಲ್ಲರೂ ಬರುತ್ತಾರೆ ಎಂಬುದು ಭ್ರಮೆ. ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಅನೇಕ ಪಟ್ಟಣಗಳ ಯೋಜನಾ ಸಭೆಗಳ ನಡಾವಳಿಗಳನ್ನು ಸಂಶೋಧಕರು ಪರಿಶೀಲಿಸಿದಾಗ, ಎದ್ದು ಮಾತಾಡಿದವರಲ್ಲಿ ವಯಸ್ಸಾದವರು, ಪುರುಷರು ಮತ್ತು ಸ್ವಂತ ಮನೆಯುಳ್ಳವರು ಆ ಊರಿನ ಮತದಾರರಲ್ಲಿ ಅವರಿಗಿರುವ ಪ್ರಮಾಣಕ್ಕಿಂತ ಹೆಚ್ಚಾಗಿದ್ದರು. ಹೊಸ ಮನೆಗಳನ್ನು ಕಟ್ಟುವ ಪ್ರಸ್ತಾವಗಳ ಬಗ್ಗೆ ಬಂದ ಮಾತುಗಳಲ್ಲಿ ವಿರೋಧದ ಮಾತುಗಳೇ ಜಾಸ್ತಿ ಇದ್ದವು. ಆ ಮನೆಗಳಲ್ಲಿ ಮುಂದೆ ವಾಸಿಸಬೇಕಾದವರು ಇನ್ನೂ ಆ ಊರಿಗೇ ಬಂದಿರುವುದಿಲ್ಲವಾದ್ದರಿಂದ, ಅವರ ಪರವಾಗಿ ಎದ್ದು ನಿಲ್ಲುವವರು ಯಾರೂ ಇರುವುದಿಲ್ಲ. ಗಟ್ಟಿ ದನಿಯವರನ್ನೇ ಇಡೀ ಊರು ಎಂದು ಭಾವಿಸುವ ಪಾಲ್ಗೊಳ್ಳುವಿಕೆ, ಪಾಲ್ಗೊಳ್ಳುವಿಕೆಯೇ ಇಲ್ಲದಿರುವುದಕ್ಕಿಂತ ಕೆಲವೊಮ್ಮೆ ಹೆಚ್ಚು ಅನ್ಯಾಯ ಮಾಡುತ್ತದೆ.

ಬಾರದವರನ್ನು ತಲುಪುವ ದಾರಿಗಳಿವೆ. ಜರ್ಮನಿಯಲ್ಲಿ ಪೀಟರ್ ಡೀನೆಲ್ 1970ರ ದಶಕದಲ್ಲಿ ರೂಪಿಸಿದ ‘ಯೋಜನಾ ಕೋಶ’ ಪದ್ಧತಿಯಲ್ಲಿ ಸುಮಾರು 25 ಮಂದಿಯನ್ನು ನಿವಾಸಿಗಳ ಪಟ್ಟಿಯಿಂದ ಚೀಟಿ ಎತ್ತಿದಂತೆ ಆರಿಸುತ್ತಾರೆ, ಕೆಲವು ದಿನಗಳ ಕಾಲ ಅವರಿಗೆ ಭತ್ಯೆ ಕೊಟ್ಟು ಕೂರಿಸುತ್ತಾರೆ, ಭಿನ್ನ ನಿಲುವಿನ ತಜ್ಞರಿಂದ ವಿಷಯ ತಿಳಿಸುತ್ತಾರೆ, ಐದೈದು ಮಂದಿಯ ಸಣ್ಣ ಗುಂಪುಗಳಲ್ಲಿ ಚರ್ಚೆ ನಡೆಸುತ್ತಾರೆ. ಗುಂಪುಗಳನ್ನು ಮತ್ತೆ ಮತ್ತೆ ಬದಲಿಸುವುದರಿಂದ ಯಾವನೊಬ್ಬ ಮಾತುಗಾರನೂ ಎಲ್ಲರನ್ನೂ ತನ್ನತ್ತ ಎಳೆದುಕೊಳ್ಳಲಾರ. ವಿಯೆನ್ನಾದಲ್ಲಿ ಇನ್ನೊಂದು ದಾರಿ ಹಿಡಿದರು, ಅಂದರೆ ಕರೆಯುವ ಬದಲು ಗಮನಿಸಿದರು. 1990ರ ದಶಕದಲ್ಲಿ ಅಲ್ಲಿನ ಉದ್ಯಾನಗಳ ಅಧ್ಯಯನ ನಡೆದಾಗ, ಸುಮಾರು ಒಂಬತ್ತು ವರ್ಷ ದಾಟಿದ ಹೆಣ್ಣುಮಕ್ಕಳು ಉದ್ಯಾನಗಳಿಂದ ಕಾಣೆಯಾಗುತ್ತಿರುವುದು ತಿಳಿಯಿತು. ಒಂದೇ ದೊಡ್ಡ ಬಯಲಿದ್ದಾಗ ಹುಡುಗರು ಅದನ್ನು ಆಕ್ರಮಿಸಿಕೊಳ್ಳುತ್ತಿದ್ದರು, ಹುಡುಗಿಯರು ಜಗಳಕ್ಕಿಳಿಯದೆ ಹಿಂದೆ ಸರಿಯುತ್ತಿದ್ದರು. ಆಮೇಲೆ 1999ರಲ್ಲಿ ಎರಡು ಉದ್ಯಾನಗಳನ್ನು ಮರುವಿನ್ಯಾಸ ಮಾಡಿ, ಬಯಲನ್ನು ಸಣ್ಣ ಸಣ್ಣ ಭಾಗಗಳಾಗಿ ಒಡೆದು, ಕಾಲುದಾರಿಗಳನ್ನು ಸೇರಿಸಿ, ವಾಲಿಬಾಲ್ ಮತ್ತು ಬ್ಯಾಡ್ಮಿಂಟನ್ ಅಂಕಣಗಳನ್ನು ಮಾಡಿದರು. ಹುಡುಗಿಯರು ಮರಳಿ ಬಂದರು. ಒಂಬತ್ತು ವರ್ಷದ ಹುಡುಗಿ ಯೋಜನಾ ಸಭೆಯಲ್ಲಿ ಎದ್ದು ನಿಂತು ಇದನ್ನು ಹೇಳುವುದು ಸಾಧ್ಯವಿರಲಿಲ್ಲ.

ಹಣದ ವಿಷಯಕ್ಕೆ ಬಂದರೆ, ಬ್ರೆಜಿಲ್ಲಿನ ಪೋರ್ಟೊ ಅಲೆಗ್ರೆ ನಗರವನ್ನು ನೆನೆಯದೆ ಇರಲಾಗದು. ಅಲ್ಲಿ 1989ರಿಂದ ನಗರದ ಬಂಡವಾಳ ವೆಚ್ಚದ, ಅಂದರೆ ಹೊಸ ಕಾಮಗಾರಿಗಳಿಗೆ ಹಾಕುವ ಹಣದ ಆದ್ಯತೆಗಳನ್ನು ಪ್ರದೇಶವಾರು ಸಭೆಗಳಲ್ಲಿ ನಿವಾಸಿಗಳೇ ಚರ್ಚಿಸಿ ಗೊತ್ತುಮಾಡತೊಡಗಿದರು. ಹಣ ಹಂಚುವಾಗ ಜನಸಂಖ್ಯೆಯನ್ನೂ ಸೌಲಭ್ಯಗಳ ಕೊರತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಸೂತ್ರವಿದ್ದುದರಿಂದ, ನೀರು ಮತ್ತು ಒಳಚರಂಡಿ ಇಲ್ಲದ ಬಡ ಪ್ರದೇಶಗಳಿಗೆ ಆದ್ಯತೆ ಸಿಕ್ಕಿತು. ಬಡವರು ಆ ಸಭೆಗಳಿಗೆ ದೊಡ್ಡ ಸಂಖ್ಯೆಯಲ್ಲಿ ಬಂದರು, ಏಕೆಂದರೆ ಅಲ್ಲಿ ಆಡಿದ ಮಾತು ಮರುವರ್ಷ ಕೊಳವೆಯಾಗಿ ನೆಲದೊಳಗೆ ಇಳಿಯುವುದನ್ನು ಅವರು ಕಣ್ಣಾರೆ ಕಂಡಿದ್ದರು. ರಾಜಕೀಯ ಬೆಂಬಲ ಕಡಿಮೆಯಾದ ಮೇಲೆ ಆ ವ್ಯವಸ್ಥೆಯೂ ದುರ್ಬಲವಾಯಿತು ಎಂಬುದನ್ನು ಮರೆಯಬಾರದು.

ಎಲ್ಲವನ್ನೂ ಜನರ ಮತಕ್ಕೆ ಹಾಕಬೇಕೆಂದು ನಾನು ಹೇಳುತ್ತಿಲ್ಲ. ನೆರೆ ನೀರು ಹರಿಯುವ ಜಾಗದಲ್ಲಿ ಮನೆ ಕಟ್ಟಬಹುದೇ, ಬೆಂಕಿ ಬಿದ್ದಾಗ ಹೊರಬರುವ ದಾರಿ ಎಷ್ಟಿರಬೇಕು, ಒಂದು ಸಮುದಾಯದವರಿಗೆ ಒಂದು ಬಡಾವಣೆಯಲ್ಲಿ ಜಾಗ ಸಿಗಬೇಕೇ ಎಂಬಂಥವು ಬಹುಮತದಿಂದ ತೀರ್ಮಾನವಾಗುವ ಪ್ರಶ್ನೆಗಳಲ್ಲ. ಯಾವುದು ಚರ್ಚೆಗೆ ತೆರೆದಿದೆ, ಯಾವುದು ತೆರೆದಿಲ್ಲ ಎಂಬುದನ್ನು ಸಭೆಯ ಆರಂಭದಲ್ಲೇ ಪ್ರಾಮಾಣಿಕವಾಗಿ ಹೇಳಿದರೆ ಜನ ಬೇಸರಪಡುವುದಿಲ್ಲ. ತೆರೆದಿದೆ ಎಂದು ನಂಬಿಸಿ ಆಮೇಲೆ ಮುಚ್ಚಿದಾಗಲೇ ಅವರು ಮುಂದಿನ ಸಭೆಗೆ ಬರುವುದನ್ನು ಬಿಡುತ್ತಾರೆ.

ಹಾಗಾಗಿ ಮುಂದಿನ ಸಭೆಯ ಸೂಚನೆ ಬಂದಾಗ, ಭಾಷಣ ಸಿದ್ಧಪಡಿಸುವ ಮೊದಲು ಒಂದು ಪುಟದ ಪತ್ರ ಬರೆಯಿರಿ. ಈ ಯೋಜನೆಯಲ್ಲಿ ಇನ್ನೂ ಯಾವ ಅಂಶಗಳನ್ನು ಬದಲಿಸಲು ಸಾಧ್ಯವಿದೆ, ಯಾವ ಪರ್ಯಾಯಗಳನ್ನು ಪರಿಶೀಲಿಸಿ ಕೈಬಿಡಲಾಗಿದೆ, ಬಂದ ಪ್ರತಿಯೊಂದು ಸಲಹೆಯನ್ನು ಒಪ್ಪಿದ್ದಕ್ಕೆ ಅಥವಾ ಬಿಟ್ಟದ್ದಕ್ಕೆ ಕಾರಣವನ್ನು ಯಾವ ದಿನಾಂಕದೊಳಗೆ ಪ್ರಕಟಿಸುತ್ತೀರಿ ಎಂದು ಕೇಳಿ. ಸಾಧ್ಯವಾದರೆ ಸಭೆಗೆ ಬರಲಾಗದ ಇಬ್ಬರು ಮೂವರ ಸಹಿಯನ್ನೂ, ಅವರು ದಿನವೂ ಎದುರಿಸುವ ಒಂದೊಂದು ನಿರ್ದಿಷ್ಟ ತೊಂದರೆಯನ್ನೂ ಸೇರಿಸಿ. ಆ ವಿದ್ಯುತ್ ಪೆಟ್ಟಿಗೆಯನ್ನು ನಾವು ಕೊನೆಗೂ ಸ್ಥಳಾಂತರಿಸಿದ್ದು ಇಂಥದೇ ಒಂದು ಪತ್ರಕ್ಕೆ ಲಿಖಿತ ಉತ್ತರ ಕೊಡಬೇಕಾಗಿ ಬಂದಾಗ. ಉತ್ತರದ ಕರಡಿನಲ್ಲಿ ಅದನ್ನು ಅಲ್ಲೇ ಉಳಿಸಿಕೊಳ್ಳುವುದಕ್ಕೆ ಒಂದು ಕಾರಣವನ್ನೂ ನಮ್ಮಿಂದ ಬರೆಯಲಾಗಲಿಲ್ಲ.