ಬೆಂಗಳೂರಿನಲ್ಲಿ ತಿಂಗಳ ಬಿಲ್ ಇಲ್ಲದೆ ಡಿಜಿಟಲ್ ಟಿವಿ: ಯಾವ ಆಂಟೆನಾ, ಯಾವ ದಿಕ್ಕಿಗೆ?

ವಿಜಯನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ, ಟೆರೇಸ್ ಬಳಸಲು ಓನರ್ ಒಪ್ಪಿದ್ದಾರೆ, ಕೇಬಲ್ ಬಿಲ್ ಕಟ್ಟಿ ಸಾಕಾಗಿದೆ, ಹಿಂದಿನ ಹಾಗೆ ಒಂದು ಆಂಟೆನಾ ಹಾಕಿಕೊಂಡರೆ ಡಿಜಿಟಲ್ ಚಾನೆಲ್ ಸಿಗುತ್ತವಾ ಅಂತ ಕೇಳಿದ್ದೀರಿ. ಸಿಗುತ್ತವೆ. ಆದರೆ ಅಡ್ಡಕಡ್ಡಿಗಳ ಹಳೇ ಆಂಟೆನಾದಿಂದಲ್ಲ, ಡಿಶ್‌ನಿಂದ.

ಅಡ್ಡಕಡ್ಡಿ ಆಂಟೆನಾಗೆ ಯಾಕೆ ದುಡ್ಡು ಹಾಕಬಾರದು ಅಂದರೆ, ಅದು ಹಿಡಿಯುತ್ತಿದ್ದ ಅನಲಾಗ್ ಪ್ರಸಾರವನ್ನು ಆಯಕಟ್ಟಿನ ಕೆಲವು ಜಾಗ ಬಿಟ್ಟು ಉಳಿದೆಡೆ 2022ರ ಮಾರ್ಚ್ ಹೊತ್ತಿಗೆ ನಿಲ್ಲಿಸುವುದಾಗಿ ಪ್ರಸಾರ ಭಾರತಿ 2021ರಲ್ಲೇ ಹೇಳಿತ್ತು. 2016ರಲ್ಲಿ ದೂರದರ್ಶನ 16 ನಗರಗಳಲ್ಲಿ ಡಿವಿಬಿ-ಟಿ2 ಎಂಬ ಡಿಜಿಟಲ್ ಭೂ ಪ್ರಸಾರ ಶುರು ಮಾಡಿದಾಗ ಬೆಂಗಳೂರೂ ಆ ಪಟ್ಟಿಯಲ್ಲಿತ್ತು ನಿಜ. ಅದರಲ್ಲಿದ್ದದ್ದು ದೂರದರ್ಶನದ್ದೇ ಬೆರಳೆಣಿಕೆಯ ಚಾನೆಲ್. ಅಂಗಡಿಯಲ್ಲಿ 'ಎಚ್‌ಡಿ ಡಿಜಿಟಲ್ ಆಂಟೆನಾ, ನೂರಾರು ಚಾನೆಲ್ ಫ್ರೀ' ಅಂತ ಪಟ್ಟಿ ಅಂಟಿಸಿದ ಚಪ್ಪಟೆ ಪ್ಲಾಸ್ಟಿಕ್ ಹಾಳೆಗಳು ಹೊರದೇಶದ ಲೆಕ್ಕದ ಮಾಲು. ಇಲ್ಲಿ ಅವು ಗೋಡೆ ಅಲಂಕಾರಕ್ಕಷ್ಟೇ.

ನಿಮಗೆ ಬೇಕಾದದ್ದು ಡಿಡಿ ಫ್ರೀ ಡಿಶ್. 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾದದ್ದು ಇದೇ. ಈಗ 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ ಬರುತ್ತದೆ. ತಿಂಗಳ ಬಾಡಿಗೆ ಇಲ್ಲ, ರೀಚಾರ್ಜ್ ಇಲ್ಲ. ಒಂದು ವಿಷಯ ಮೊದಲೇ ತಿಳಿದಿರಲಿ: ಚಂದನ ಸಿಗುತ್ತದೆ, ದೂರದರ್ಶನದ ಉಳಿದವೂ ಸಿಗುತ್ತವೆ, ಖಾಸಗಿ ಚಾನೆಲ್‌ಗಳಲ್ಲಿ ಹೆಚ್ಚಿನವು ಹಿಂದಿಯವು. ದುಡ್ಡು ಕೊಟ್ಟು ನೋಡುವ ಪೇ ಚಾನೆಲ್‌ಗಳು ಇದರಲ್ಲಿ ಇಲ್ಲ. ಮನೆಯಲ್ಲಿ ಸಂಜೆ ಧಾರಾವಾಹಿ ನೋಡುವವರಿದ್ದರೆ ಅವರನ್ನು ಕೇಳಿಯೇ ಕೇಬಲ್ ಕಿತ್ತುಹಾಕಿ.

ಸಾಮಾನೆಲ್ಲ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ. ಡಿಶ್ 60 ಸೆಂ.ಮೀ. ಇದ್ದರೂ ಕೆಲಸ ನಡೆಯುತ್ತದೆ. ನನ್ನನ್ನು ಕೇಳಿದರೆ 75ರದ್ದು ತೆಗೆದುಕೊಳ್ಳಿ. ವಿಸ್ತೀರ್ಣ ಒಂದೂವರೆ ಪಟ್ಟು ಆಗುವುದರಿಂದ ಸುಮಾರು 2 ಡೆಸಿಬಲ್ ಹೆಚ್ಚು ಸಿಗ್ನಲ್ ಕೈಯಲ್ಲಿರುತ್ತದೆ. ಮೇ ತಿಂಗಳ ಸಂಜೆ ಮಳೆಗೆ ಚಿತ್ರ ಹೋಗುವುದು ಪೂರ್ತಿ ತಪ್ಪುವುದಿಲ್ಲ, ಹೋದದ್ದು ಬೇಗ ವಾಪಸ್ ಬರುತ್ತದೆ. ಎಲ್‌ಎನ್‌ಬಿ (ಡಿಶ್‌ನ ತೋಳಿನ ತುದಿಗೆ ಕೂರಿಸುವ, ಸಿಗ್ನಲ್ ಹಿಡಿಯುವ ತಲೆ) ಮೇಲೆ 9.75/10.6 ಅಂತ ಬರೆದಿರುವ ಯೂನಿವರ್ಸಲ್ ಕೆಯು-ಬ್ಯಾಂಡ್ ಇರಲಿ. ಸೆಟ್‌ಟಾಪ್ ಬಾಕ್ಸ್ ಎಂಪೆಗ್-4, ಡಿವಿಬಿ-ಎಸ್2 ಎರಡೂ ಇರುವಂಥದ್ದು. ಬರೀ ಎಂಪೆಗ್-2 ಬಾಕ್ಸ್ ಅಗ್ಗಕ್ಕೆ ಕೊಟ್ಟರೂ ಬೇಡ, ಅರ್ಧ ಚಾನೆಲ್ ಕಾಣುವುದಿಲ್ಲ. ಬಾಕ್ಸ್ ಕೊಳ್ಳುವ ಮುಂಚೆ ನಿಮ್ಮ ಟಿವಿಯ ಬೆನ್ನು ನೋಡಿ. ತಿರುಪಿನ ಸುತ್ತು (ಥ್ರೆಡ್) ಇರುವ ಇನ್ನೊಂದು ಸಾಕೆಟ್ ಇದ್ದು, ಮೆನುವಿನಲ್ಲಿ ಸ್ಯಾಟಲೈಟ್ ಅಂತ ಇದ್ದರೆ ಟ್ಯೂನರ್ ಒಳಗೇ ಇದೆ, ಬಾಕ್ಸ್ ಬೇಕಿಲ್ಲ.

ಕೇಬಲ್ ಆರ್‌ಜಿ-6, 30 ಮೀಟರ್ ಒಳಗೆ ಮುಗಿಯಲಿ. ಗೋಡೆಯಲ್ಲಿ ನೇತಾಡುತ್ತಿರುವ ಹಳೇ ಕೇಬಲ್ ಟಿವಿ ವೈರನ್ನೇ ಎಳೆದುಕೊಳ್ಳುವ ಆಸೆ ಬೇಡ.

ಡಿಶ್ ಕೂರಿಸುವ ಜಾಗ ಪ್ಯಾರಪೆಟ್ ಗೋಡೆಯ ಒಳಮುಖ. ಟೆರೇಸ್ ನೆಲಕ್ಕೆ ಡ್ರಿಲ್ ಹಾಕಿದರೆ ಮುಂದಿನ ಮಳೆಗಾಲಕ್ಕೆ ಕೆಳಗಿನ ಸೀಲಿಂಗ್ ಸೋರುತ್ತದೆ, ಓನರ್ ಜೊತೆ ಮಾತು ಕೆಡುತ್ತದೆ. 10 ಮಿ.ಮೀ. ಆಂಕರ್ ಬೋಲ್ಟ್ ನಾಲ್ಕು ಸಾಕು. ಗೋಡೆ ಹಾಲೋ ಬ್ಲಾಕ್‌ನದ್ದಾದರೆ ಆಂಕರ್ ಹಿಡಿಯುವುದಿಲ್ಲ, ಬಿಗಿಮಾಡಿದಷ್ಟೂ ಒಳಗೆ ಪುಡಿಯಾಗುತ್ತದೆ; ಆಗ ಗೋಡೆಯ ಆಚೆಗೆ ಹಾಯುವ ಉದ್ದ ಬೋಲ್ಟ್ ಹಾಕಿ ಎರಡೂ ಕಡೆ ಅಗಲ ವಾಷರ್ ಕೊಡಿ. ಕಂಬ ಎಲ್ಲ ಕಡೆಯಿಂದಲೂ ನೆಟ್ಟಗಿದೆಯಾ ಅಂತ ರಸಮಟ್ಟ ಹಿಡಿದು ನೋಡಿ. ಕಂಬ ವಾಲಿದ್ದರೆ ಡಿಶ್ ತಿರುಗಿಸಿದಾಗೆಲ್ಲ ಎತ್ತರವೂ ತಪ್ಪುತ್ತಾ ಹೋಗುತ್ತದೆ, ಸಂಜೆಯವರೆಗೆ ಹುಡುಕಿದರೂ ಸಿಗ್ನಲ್ ಸಿಗುವುದಿಲ್ಲ.

ಇನ್ನು ದಿಕ್ಕು. ಬೆಂಗಳೂರಿಂದ ಈ ಉಪಗ್ರಹ ಉತ್ತರದಿಂದ 128 ಡಿಗ್ರಿಗೆ, ಅಂದರೆ ಆಗ್ನೇಯಕ್ಕಿಂತ ಸ್ವಲ್ಪ ಪೂರ್ವಕ್ಕೆ ಬರುತ್ತದೆ. ಎತ್ತರ, ಅಂದರೆ ದಿಗಂತದಿಂದ ಮೇಲಕ್ಕೆ ಇರುವ ಕೋನ, 66 ಡಿಗ್ರಿ. ಮೊಬೈಲ್ ಕಂಪಾಸನ್ನು ಡಿಶ್ ಪಕ್ಕದಲ್ಲಿ, ನೀರಿನ ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡ್ ಹತ್ತಿರ ಹಿಡಿದರೆ ಸುಳ್ಳು ಹೇಳುತ್ತದೆ. ಎರಡು ಮೂರು ಮೀಟರ್ ದೂರ ನಿಂತು 128ಕ್ಕೆ ಎದುರು ಯಾವ ಮನೆ, ಯಾವ ಮರ ಬರುತ್ತದೆ ಅಂತ ಗುರುತಿಟ್ಟುಕೊಂಡು ಅದಕ್ಕೆ ಡಿಶ್ ತಿರುಗಿಸಿ. ಅಕ್ಕಪಕ್ಕದ ಟೆರೇಸೂ ಸಹಾಯಕ್ಕೆ ಬರುತ್ತದೆ: ಟಾಟಾ ಪ್ಲೇ ಡಿಶ್‌ಗಳು 157ರ ಕಡೆ, ಏರ್‌ಟೆಲ್‌ನವು 111ರ ಕಡೆ ನೋಡುತ್ತಿರುತ್ತವೆ, ನಿಮ್ಮದು ಅವೆರಡರ ನಡುವೆ.

ಸಾಮಾನ್ಯವಾಗಿ ಸಿಗುವುದು ಆಫ್‌ಸೆಟ್ ಡಿಶ್. ಅದರ ಮುಖ ಎಲ್ಲಿಗೆ ನೋಡುವಂತೆ ಕಾಣುತ್ತದೋ ಅದಕ್ಕಿಂತ 24 ಡಿಗ್ರಿಯಷ್ಟು ಮೇಲಿನಿಂದ ಸಿಗ್ನಲ್ ಹಿಡಿಯುತ್ತದೆ. ಹಾಗಾಗಿ 66 ಅಂತ ಆಕಾಶಕ್ಕೆ ಮಲಗಿಸಬೇಡಿ. ಮೇಲಿನ ಅಂಚಿಂದ ಕೆಳಗಿನ ಅಂಚಿಗೆ ನೇರ ಪಟ್ಟಿ ಇಟ್ಟು ಅದರ ಮೇಲೆ ಮೊಬೈಲ್‌ನಲ್ಲಿ ಕೋನ ನೋಡಿದರೆ, ಪಟ್ಟಿ ನೆಟ್ಟಗಿನಿಂದ ಸುಮಾರು 42 ಡಿಗ್ರಿ ಹಿಂದಕ್ಕೆ ವಾಲಿರಬೇಕು.

ಇಲ್ಲಿ ತುಂಬಾ ಜನ ಎಡವುವುದು ಎಲ್‌ಎನ್‌ಬಿ ತಿರುವಿನಲ್ಲಿ. ಬೆಂಗಳೂರು ಸಮಭಾಜಕಕ್ಕೆ ಹತ್ತಿರ ಇರುವುದರಿಂದ, ಉಪಗ್ರಹ ನಮ್ಮ ರೇಖಾಂಶದಿಂದ 16 ಡಿಗ್ರಿ ಪಕ್ಕಕ್ಕಿದ್ದರೂ ಅದರ ಅಲೆ ನಮಗೆ 50 ಡಿಗ್ರಿಯಷ್ಟು ಓರೆಯಾಗಿ ಬಂದು ಬೀಳುತ್ತದೆ. ದೆಹಲಿಯವರ ವಿಡಿಯೋ ನೋಡಿ ಅವರ ಹಾಗೇ ಇಟ್ಟರೆ ಇಲ್ಲಿ ನಡೆಯುವುದಿಲ್ಲ. ಡಿಶ್‌ನ ಮುಂದೆ, ಎಲ್‌ಎನ್‌ಬಿಯ ಬೆನ್ನು ಕಾಣುವಂತೆ ನಿಂತುಕೊಳ್ಳಿ. ಕೇಬಲ್ ಸಾಕೆಟ್ ನೇರ ಕೆಳಗೆ, ಗಡಿಯಾರದ 6ರ ಜಾಗದಲ್ಲಿದ್ದರೆ ಅದು ಸೊನ್ನೆ. ಅಲ್ಲಿಂದ ಗಡಿಯಾರದ ಮುಳ್ಳು ಹೋಗುವ ಕಡೆಗೇ ತಿರುಗಿಸಿ ಏಳೂವರೆಯ ಆಚೀಚೆ ನಿಲ್ಲಿಸಿ. ತಿರುಗಿಸದೇ ಬಿಟ್ಟರೆ ಬಾಕ್ಸ್ ಟಿವಿಯಲ್ಲಿ ತೋರಿಸುವ ಸಿಗ್ನಲ್ ಮೀಟರಿನಲ್ಲಿ ಸ್ಟ್ರೆಂತ್ 80 ತೋರಿಸುತ್ತಿರುತ್ತದೆ, ಕ್ವಾಲಿಟಿ ಏಳುವುದೇ ಇಲ್ಲ. ಸ್ಟ್ರೆಂತ್ ಅಂದರೆ ವೈರಿನಲ್ಲಿ ಏನೋ ಬರುತ್ತಿದೆ ಅಂತ ಅಷ್ಟೇ, ಗೋಡೆಗೆ ಮುಖ ಮಾಡಿದರೂ ಬರುತ್ತದೆ. ನಂಬಬೇಕಾದ್ದು ಕ್ವಾಲಿಟಿ ಒಂದನ್ನೇ.

ಹುಡುಕುವಾಗ ಬಾಕ್ಸಿನಲ್ಲಿ ಎಲ್‌ಎನ್‌ಬಿ ಯೂನಿವರ್ಸಲ್, ಫ್ರೀಕ್ವೆನ್ಸಿ 11090, ವರ್ಟಿಕಲ್, ಸಿಂಬಲ್ ರೇಟ್ 29500 ಕೊಡಿ. ಇನ್ನೊಂದು 11170, ಉಳಿದದ್ದೆಲ್ಲ ಅದೇ. ಆಮೇಲೆ ಡಿಶ್ ಸರಿಸಿ, ಆದರೆ ಎಷ್ಟು ನಿಧಾನ ಅಂದರೆ: 60 ಸೆಂ.ಮೀ. ಡಿಶ್‌ನ ಅಂಚು ಅರ್ಧ ಸೆಂಟಿಮೀಟರ್ ಸರಿದರೆ 1 ಡಿಗ್ರಿ ಆಯಿತು. ಕಂಬದ ಹತ್ತಿರ ಅದು ಅರ್ಧ ಮಿಲಿಮೀಟರೂ ಇಲ್ಲ. ಬಾಕ್ಸಿನ ಮೀಟರ್ ಎರಡು ಮೂರು ಸೆಕೆಂಡ್ ತಡವಾಗಿ ತೋರಿಸುತ್ತದೆ. ಕೂದಲೆಳೆಯಷ್ಟು ಸರಿಸಿ, ಮೂರು ಎಣಿಸಿ, ನೋಡಿ, ಮತ್ತೆ ಸರಿಸಿ. ಟಿವಿಯನ್ನು ಮೇಲಕ್ಕೆ ಹೊರಲಾಗದಿದ್ದರೆ ಕೆಳಗಿನವರ ಜೊತೆ ವಿಡಿಯೋ ಕಾಲ್ ಸಾಕು. ಕ್ವಾಲಿಟಿ ಸಿಕ್ಕ ಮೇಲೆ ಅಡ್ಡ, ಎತ್ತರ, ಎಲ್‌ಎನ್‌ಬಿ ತಿರುವು ಈ ಕ್ರಮದಲ್ಲಿ ಒಂದೊಂದನ್ನೇ ಆಚೀಚೆ ಮಾಡಿ ಅತಿ ಹೆಚ್ಚು ಬರುವಲ್ಲಿ ನಿಲ್ಲಿಸಿ. ನಟ್ಟುಗಳನ್ನು ಎದುರುಬದುರಿನವು ಒಂದೊಂದು ಸುತ್ತಿನಂತೆ ಬಿಗಿಮಾಡಿ. ಒಂದನ್ನೇ ಪೂರ್ತಿ ತಿರುಗಿಸಿದರೆ ಅದು ಡಿಶ್ಶನ್ನು ಎಳೆದುಕೊಂಡು ಹೋಗುತ್ತದೆ.

ಚಾನೆಲ್ ಹೆಸರುಗಳು ಸಾಲಾಗಿ ಬಂದು ಒಂದೂ ತೆರೆಯದಿದ್ದರೆ ನೀವು ಪಕ್ಕದ ಉಪಗ್ರಹ ಹಿಡಿದಿದ್ದೀರಿ. ಡಿಶ್ ಟಿವಿಯವರದ್ದು 95 ಡಿಗ್ರಿಯಲ್ಲಿ, ಬರೀ ಒಂದೂವರೆ ಡಿಗ್ರಿ ಆಚೆಗಿದೆ. ಡಿಶ್ಶನ್ನು ದಕ್ಷಿಣಕ್ಕೆ ಎರಡೂವರೆ ಡಿಗ್ರಿ, ಮೇಲಕ್ಕೆ ಒಂದು ಚೂರು ಸರಿಸಿ.

ಕನೆಕ್ಟರ್ ಕೆಲಸ ಸಣ್ಣದು, ಆದರೆ ದೂರುಗಳೆಲ್ಲ ಹುಟ್ಟುವುದು ಅಲ್ಲೇ. ಹೊರ ಪ್ಲಾಸ್ಟಿಕ್ ಒಂದೂವರೆ ಸೆಂಟಿಮೀಟರ್ ಸುಲಿದು ಜಾಲರಿ ತಂತಿಗಳನ್ನು ಹಿಂದಕ್ಕೆ ಮಡಚಿ. ಬಿಳಿ ಭಾಗವನ್ನು ಕನೆಕ್ಟರಿನ ಒಳತಳಕ್ಕೆ ಸಮವಾಗಿ ಕತ್ತರಿಸಿ. ನಡುವಿನ ತಂತಿ ಕನೆಕ್ಟರಿನ ಬಾಯಿಂದ 2-3 ಮಿ.ಮೀ. ಮುಂದೆ ಬಂದರೆ ಸರಿ. ಜಾಲರಿಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಎಲ್‌ಎನ್‌ಬಿಗೆ ವೋಲ್ಟೇಜ್ ಹೋಗುವುದಿಲ್ಲ, ಬಾಕ್ಸ್ ಶಾರ್ಟ್ ಅಂತ ತೋರಿಸುತ್ತದೆ. ಕನೆಕ್ಟರ್ ಹಾಕುವಾಗಲೆಲ್ಲ ಬಾಕ್ಸಿನ ಪ್ಲಗ್ ಕಿತ್ತಿರಲಿ. ಹೊರಗಿನ ಕನೆಕ್ಟರಿಗೆ ರಬ್ಬರ್ ಟೇಪ್ ಸುತ್ತಿ, ಕೇಬಲ್ ಮನೆಯೊಳಗೆ ಹೋಗುವ ತೂತಿನ ಮುಂಚೆ ಕೆಳಮುಖ ಒಂದು ಬಳುಕು ಬಿಡಿ. ಮಳೆನೀರು ಆ ಬಳುಕಿನಿಂದ ತೊಟ್ಟಿಕ್ಕುತ್ತದೆ, ಟಿವಿಯವರೆಗೆ ಬರುವುದಿಲ್ಲ.

ಎದುರಿನ ಕಟ್ಟಡದ ಚಿಂತೆ ಅಷ್ಟಾಗಿ ಬೇಡ. 66 ಡಿಗ್ರಿ ಕಡಿದಾದ ನೋಟ, 3 ಮೀಟರ್ ದೂರದಲ್ಲಿರುವ ಗೋಡೆ ಡಿಶ್‌ಗಿಂತ ಸುಮಾರು ಆರೂಮುಕ್ಕಾಲು ಮೀಟರ್ ಮೇಲಿದ್ದರೆ ಮಾತ್ರ ಅಡ್ಡ. ತೆಂಗಿನ ಗರಿ ಮಾತ್ರ ನೋಡಿಕೊಳ್ಳಿ, ಒದ್ದೆ ಗರಿ ಸಿಗ್ನಲ್ ನುಂಗುತ್ತದೆ. ಅನುಮಾನ ಇದ್ದರೆ ಮಾರ್ಚ್ ಮಧ್ಯದಲ್ಲೋ ಸೆಪ್ಟೆಂಬರ್ ಕೊನೆಯಲ್ಲೋ ಬೆಳಿಗ್ಗೆ 11ರ ಸುಮಾರಿಗೆ ಡಿಶ್ ಜಾಗದಲ್ಲಿ ಬಿಸಿಲು ಬೀಳುತ್ತದಾ ನೋಡಿ. ಆ ಹೊತ್ತಿಗೆ ಸೂರ್ಯ ಸರಿಯಾಗಿ ಈ ಉಪಗ್ರಹದ ಹಿಂದೆ ಬರುತ್ತಾನೆ. ಆ ಕೆಲವು ದಿನ ಅದೇ ಹೊತ್ತಿಗೆ ಸ್ವಲ್ಪ ನಿಮಿಷ ಚಿತ್ರ ಹೋದರೆ ಡಿಶ್ ಮುಟ್ಟಬೇಡಿ, ತಾನಾಗಿ ಬರುತ್ತದೆ.

ಓನರ್ ಮನಸ್ಸು ಬದಲಾಯಿಸಿ ಬಾಲ್ಕನಿಗೇ ಹಾಕಬೇಕಾಗಿ ಬಂದರೆ, ಬಾಲ್ಕನಿ ಪೂರ್ವ ಅಥವಾ ದಕ್ಷಿಣಕ್ಕಿರಬೇಕು. ಮೇಲಿನ ಮನೆಯ ಸ್ಲ್ಯಾಬ್ ಡಿಶ್‌ಗಿಂತ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ, ಡಿಶ್ಶಿನಿಂದ 128ರ ಕಡೆಗೆ ಸುಮಾರು 65 ಸೆಂ.ಮೀ. ಒಳಗೇ ಆ ಸ್ಲ್ಯಾಬಿನ ಅಂಚು ಮುಗಿಯಬೇಕು. ಅಂದರೆ ಡಿಶ್ ಗ್ರಿಲ್‌ನ ಆಚೆಗೇ ಹೋಗಬೇಕಾಗುತ್ತದೆ.

ಎರಡನೇ ಟಿವಿ ಇದ್ದರೆ ಕೇಬಲ್‌ನವರ ಸ್ಪ್ಲಿಟರ್ ಹಾಕಬೇಡಿ. ಅದು 1000 ಮೆಗಾಹರ್ಟ್ಸ್‌ವರೆಗೆ ಮಾತ್ರ, ಡಿಶ್ ಸಿಗ್ನಲ್ ಶುರುವಾಗುವುದೇ 950ರಿಂದ. 2150ಕ್ಕಿಂತ ಮೇಲಿನವರೆಗೆ ಹೋಗುವ, ಪವರ್ ಪಾಸ್ (ಎಲ್‌ಎನ್‌ಬಿಗೆ ವೋಲ್ಟೇಜ್ ಹಾಯಲು ಬಿಡುವುದು) ಇರುವ ಸ್ಪ್ಲಿಟರ್ ಕೇಳಿ, ಅಥವಾ ಎರಡು ಬಾಯಿಯ ಟ್ವಿನ್ ಎಲ್‌ಎನ್‌ಬಿ ಹಾಕಿ ಎರಡು ಕೇಬಲ್ ಇಳಿಸಿ, ಎರಡನೆಯದೇ ವಾಸಿ.

ಕಂಬಕ್ಕೆ ದಪ್ಪ ತಾಮ್ರದ ತಂತಿಯಿಂದ ಅರ್ಥಿಂಗ್ ಕೊಡಿಸಿ. ಗುಡುಗು ಶುರುವಾಗುವ ಮುಂಚೆಯೇ ಬಾಕ್ಸಿನ ಪ್ಲಗ್ಗನ್ನೂ ಡಿಶ್ ಕೇಬಲನ್ನೂ ಕಿತ್ತಿಡಿ. ಶುರುವಾದ ಮೇಲೆ ಕೇಬಲ್ ಮುಟ್ಟಲು ಹೋಗಬೇಡಿ. ಖಾಸಗಿ ಚಾನೆಲ್‌ಗಳ ಜಾಗ ಇ-ಹರಾಜಿನಲ್ಲಿ ಕೈ ಬದಲಾಗುತ್ತಿರುತ್ತದೆ, ಹಾಗಾಗಿ ನಿನ್ನೆ ಇದ್ದ ಚಾನೆಲ್ ಇವತ್ತು ಕಾಣದಿದ್ದರೆ ಟೆರೇಸ್ ಹತ್ತುವ ಮುಂಚೆ ಬಾಕ್ಸಿನಲ್ಲಿ ಒಮ್ಮೆ ಹೊಸದಾಗಿ ಸರ್ಚ್ ಕೊಟ್ಟು ನೋಡಿ.