ಊತ ಇಳಿಯೋವರೆಗೆ ಕಾಯೋದು ಸರಿ, ಆದ್ರೆ ಇದೊಂದು ನೋಡಿ

ತಮ್ಮನ ಮೂಗಿಗೆ ಚೆಂಡು ಬಡಿದು ನಾಲ್ಕು ದಿನ ಆಯ್ತು, ಊತ ಇಳೀಲಿ ಅಂತ ಡಾಕ್ಟರು ಕಾಯಿಸ್ತಿದ್ದಾರೆ, ಆಪರೇಷನ್ ತಡವಾಗಲ್ವಾ ಅಂತ ಕೇಳಿದ್ದೀರಿ. ಅವರು ಮಾಡ್ತಿರೋದು ಸರಿಯಾಗೇ ಇದೆ. ಊತ ಇರುವಾಗ ಮೂಗು ನೆಟ್ಟಗಿದೆಯೋ ಸೊಟ್ಟಗಿದೆಯೋ ಗೊತ್ತೇ ಆಗಲ್ಲ. ಇಳಿದ ಮೇಲೆ ಹಳೇ ಫೋಟೋ ಪಕ್ಕಕ್ಕಿಟ್ಟು ನೋಡಿ. ಆಕಾರ ಹಾಗೇ ಇದ್ದು ಉಸಿರಾಟ ಸಲೀಸಾಗಿದ್ರೆ ಆಪರೇಷನ್ನೇ ಬೇಡ. ಸೊಟ್ಟಗಿದ್ರೆ ಏಟು ಬಿದ್ದ 2 ವಾರದೊಳಗೆ ಮೂಳೆನ ಸರಿಯಾದ ಜಾಗಕ್ಕೆ ಕೂರಿಸಿಬಿಡಬೇಕು. ಚಿಕ್ಕ ಹುಡುಗನಾದ್ರೆ ಒಂದು ವಾರದೊಳಗೇ, ಮಕ್ಕಳ ಮೂಳೆ ಬೇಗ ಕೂಡಿಕೊಳ್ಳುತ್ತೆ. ಸಾಮಾನ್ಯವಾಗಿ ಕೊಯ್ಯೋದೇನೂ ಇರಲ್ಲ, ಒಳಗಿಂದ ಎತ್ತಿ ಹೊರಗಿಂದ ಒತ್ತಿ ಸರಿಮಾಡ್ತಾರೆ. ಆ ಗಡುವು ದಾಟಿದ್ರೆ ಮೂಳೆ ಸೊಟ್ಟಗೇ ಗಟ್ಟಿಯಾಗುತ್ತೆ, ಆಮೇಲೆ ತಿಂಗಳುಗಟ್ಟಲೆ ಕಾದು ದೊಡ್ಡ ಆಪರೇಷನ್ನೇ ಗತಿ.

ನನಗೆ ಚಿಂತೆ ಇರೋದು ಬೇರೆ. ಇವತ್ತೇ ಟಾರ್ಚ್ ಹಾಕಿ ಎರಡೂ ಹೊಳ್ಳೆ ಒಳಗೆ ನೋಡಿ. ನಡುಗೋಡೆ ಮೇಲೆ ಕೆಂಪು-ನೀಲಿ ಬಣ್ಣದ ಮೆತ್ತನೆ ಉಬ್ಬು ಕಂಡ್ರೆ, ಮೂಗು ಕಟ್ಟಿ ನೋವು ಏರ್ತಾ ಇದ್ರೆ, ಅಲ್ಲಿ ರಕ್ತ ತುಂಬಿಕೊಂಡಿರಬಹುದು. ಅದಕ್ಕೆ ಊತದ ಲೆಕ್ಕ ಇಲ್ಲ, ಅವತ್ತೇ ತೆಗೆಸಬೇಕು. ಬಿಟ್ರೆ ಒಳಗಿನ ಮೃದ್ವಸ್ಥಿ (ಮೂಗಿಗೆ ಆಧಾರವಾಗಿರೋ ಮೆತ್ತನೆ ಎಲುಬು) ಕೊಳೆತು ಮೂಗು ಕುಸಿಯಬಹುದು. ನೀರಿನಂಥ ತಿಳಿ ದ್ರವ ಸೋರ್ತಿದ್ರೂ ಅಷ್ಟೇ, ಸೀದಾ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ.